ಗುಡ್ಡದ ಫ್ಯಾನು, ಕಾವಲಿನ ಸೆಂಟ್ರಿಫ್ಯೂಜು

2022ರ ಫೆಬ್ರುವರಿ 24ರ ನಸುಕಿನಲ್ಲಿ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗುವ ಸುಮಾರು ಒಂದು ತಾಸು ಮುಂಚೆ, ಗುಂಡಿನ ಸದ್ದೇ ಇಲ್ಲದ ಒಂದು ದಾಳಿ ಆಗಿಹೋಗಿತ್ತು. ಉಕ್ರೇನಿನ ಸೈನ್ಯವೂ ಬಳಸುತ್ತಿದ್ದ ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ಟಿನೊಳಗೆ ಯಾರೋ ಹೊಕ್ಕು, ನೆಲದ ಮೇಲಿನ ಸಾವಿರಾರು ಮೋಡೆಮ್‌ಗಳ ಮೆಮೊರಿಯನ್ನು ಅಳಿಸಿಹಾಕಿದ್ದರು. ಉಕ್ರೇನಿನ ಸೇನೆಯ ಬಾಯಿ ಕಟ್ಟುವುದು ಉದ್ದೇಶ. ಆದರೆ ಅದೇ ಉಪಗ್ರಹವನ್ನು ನಂಬಿಕೊಂಡಿದ್ದ ಜರ್ಮನಿಯ 5,800 ಗಾಳಿಯಂತ್ರಗಳೂ ಆ ಹೊತ್ತಿಗೆ ದೂರನಿಯಂತ್ರಣ ಕಳೆದುಕೊಂಡವು. ಎಲ್ಲವೂ ಎನರ್ಕಾನ್ ಕಂಪನಿಯವು. ರೆಕ್ಕೆ ತಿರುಗುತ್ತಿತ್ತು, ವಿದ್ಯುತ್ತೂ ಬರುತ್ತಿತ್ತು. ಯಾವುದಾದರೂ ಒಂದು ಕೆಟ್ಟರೆ ಕಚೇರಿಯಲ್ಲಿ ಕೂತವರಿಗೆ ಗೊತ್ತಾಗುವ ದಾರಿ ಮಾತ್ರ ಇರಲಿಲ್ಲ. ಮೇ 10ರಂದು ಅಮೆರಿಕ, ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಇದು ರಷ್ಯಾದ ಕೆಲಸ ಎಂದು ಹೆಸರು ಹಿಡಿದು ಹೇಳಿದವು.

ಎನರ್ಕಾನ್ ಹೆಸರು ಚಿತ್ರದುರ್ಗಕ್ಕೆ ಹೊಸದಲ್ಲ. ನಮ್ಮ ಜಿಲ್ಲೆಯ ಗುಡ್ಡಸಾಲಿನಲ್ಲೂ ಆ ಹೆಸರಿನ ಯಂತ್ರಗಳಿವೆ. ಊರಿನವರ ಬಾಯಲ್ಲಿ ಅವು ಬರೀ ‘ಫ್ಯಾನು’. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಯಾವ ದಿಕ್ಕಿಗೆ ಹೊರಟರೂ ಎಲ್ಲೋ ಒಂದು ದಿಬ್ಬದ ಮೇಲೆ ಸಾಲಾಗಿ ಕಾಣುತ್ತವೆ. ಬಿ.ದುರ್ಗ ಹೋಬಳಿಯ ಅಡಿಕೆ ತೋಟಕ್ಕೆ ನೀರೆತ್ತುವ ಮೋಟರು, ಗುಡ್ಡದ ಫ್ಯಾನು, ಹಿರಿಯೂರಿನ 400 ಕಿಲೋವೋಲ್ಟ್ ಕೇಂದ್ರ, ಎಲ್ಲವೂ ಒಂದೇ ವಿದ್ಯುತ್ ಜಾಲದ ಕೊಂಡಿಗಳು. ಆ ಯುರೋಪಿನ ಉಪಗ್ರಹಕ್ಕೂ ನಮಗೂ ಸಂಬಂಧವಿಲ್ಲದ್ದರಿಂದ ಇಲ್ಲಿ ಏನೂ ಆಗಲಿಲ್ಲ. ಆದರೂ ಈ ಸುದ್ದಿಯನ್ನು ಚಿತ್ರದುರ್ಗದಲ್ಲಿ ಕೂತು ಓದುವವರು ಸುಮ್ಮನೆ ಪುಟ ಮಗುಚುವ ಹಾಗಿಲ್ಲ. ಜರ್ಮನಿಯ ಆ ಗಾಳಿಯಂತ್ರಗಳಿಗೆ ಯುದ್ಧ ತಗುಲಿದ್ದು ನೆರೆಹೊರೆಯ ಕಾರಣಕ್ಕೆ. ನಮ್ಮ ನೆರೆಹೊರೆಯಲ್ಲಿ ಏನಿದೆ ನೋಡಿ.

ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ. ಚಾಲಕನಿಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಜಾಗ. 2017ರ ಮೇ ತಿಂಗಳಲ್ಲಿ ಅರುಣ್ ಜೇಟ್ಲಿ ಉದ್ಘಾಟಿಸಿದ್ದು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ. ಅಲ್ಲಿ ಶಾಲಾ ಕಾಲೇಜು ಮೇಷ್ಟ್ರುಗಳಿಗೆ ತರಬೇತಿ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಕೊಟ್ಟ ಜಾಗ ಯುರೇನಿಯಂ ಸಂವರ್ಧನೆಯ ಘಟಕಕ್ಕೆ. 2011ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಶ್ರೀಕುಮಾರ್ ಬ್ಯಾನರ್ಜಿ ಈ ಘಟಕದ ಮಾತೆತ್ತಿದಾಗ, ಅದನ್ನು ಅಂತರರಾಷ್ಟ್ರೀಯ ತಪಾಸಣೆಯಿಂದ ಹೊರಗಿಡುವ ಇರಾದೆಯನ್ನೂ, ಒಂದಕ್ಕಿಂತ ಹೆಚ್ಚು ಕೆಲಸಕ್ಕೆ ಬಳಸುವ ದಾರಿ ತೆರೆದಿಟ್ಟುಕೊಂಡಿರುವುದನ್ನೂ ಮುಚ್ಚಿಡಲಿಲ್ಲ. ಬೇಲಿ ಬಿದ್ದಾಗ ದೊಡ್ಡುಳ್ಳಾರ್ತಿಯ ಕಡೆಯ ದನ ಕುರಿ ಮೇಯಿಸುವವರು ಹೋರಾಡಿದರು, ಹಸಿರು ನ್ಯಾಯಮಂಡಳಿಯವರೆಗೂ ಪ್ರಕರಣ ಹೋಯಿತು. ಅವರ ತಕರಾರು ಹುಲ್ಲಿನದು, ಸೈಬರ್ ಯುದ್ಧದ್ದಲ್ಲ. ಆದರೆ ತಮ್ಮ ಪಕ್ಕದಲ್ಲಿ ಏನು ಬರುತ್ತಿದೆ ಎಂದು ತಮ್ಮನ್ನು ಯಾರೂ ಕೇಳಲಿಲ್ಲ ಎನ್ನುವ ಮಾತು ಎರಡಕ್ಕೂ ಹೊಂದುತ್ತದೆ.

ಹಾಗೆ ನೋಡಿದರೆ ಆ ಕಾವಲುಗಳು ಎಂದೂ ಬರೀ ಮೇವಿನ ನೆಲವಾಗಿರಲಿಲ್ಲ. ಅಮೃತ್ ಮಹಲ್ ಎಂದರೆ ಮೈಸೂರು ಅರಸರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಕಟ್ಟಿದ ದನದ ಹಿಂಡು. ಹೈದರನ, ಟಿಪ್ಪುವಿನ ತೋಪುಗಾಡಿ ಎಳೆದದ್ದೂ ಆ ತಳಿಯ ಎತ್ತುಗಳೇ. ಹಾಲಿನ ಹಸು ಯಾವುದು, ಸೈನ್ಯದ ಎತ್ತು ಯಾವುದು ಎಂದು ಅಂದು ಕೇಳಿದ್ದರೆ ಒಂದೇ ಹಿಂಡನ್ನು ತೋರಿಸಬೇಕಿತ್ತು.

ಸಂವರ್ಧನೆ ಎಂದರೆ ಯುರೇನಿಯಂ ಅನಿಲವನ್ನು ಉದ್ದನೆಯ ಕೊಳವೆಗಳಲ್ಲಿ ಭಯಂಕರ ವೇಗದಲ್ಲಿ ತಿರುಗಿಸಿ, ಹಗುರ ಪರಮಾಣುಗಳನ್ನು ಭಾರದವುಗಳಿಂದ ಬೇರ್ಪಡಿಸುವುದು. ಕಡಿಮೆ ಮಟ್ಟದಲ್ಲಿ ನಿಲ್ಲಿಸಿದರೆ ವಿದ್ಯುತ್ ಸ್ಥಾವರದ ಇಂಧನ, ಮುಂದುವರಿಸಿದರೆ ಬಾಂಬಿನ ಸರಕು. ಹೀಗೆ ತಿರುಗುವ ಯಂತ್ರವೇ ಸೆಂಟ್ರಿಫ್ಯೂಜು. ಜಗತ್ತು ಕಂಡ ಮೊದಲ ನಿಜವಾದ ಸೈಬರ್ ಅಸ್ತ್ರ ತಯಾರಾದದ್ದು ಇರಾನಿನ ನತಾಂಜ್‌ನಲ್ಲಿದ್ದ ಇಂಥವೇ ಯಂತ್ರಗಳನ್ನು ಕೆಡಿಸಲು.

ಸ್ಟಕ್ಸ್‌ನೆಟ್ ಎಂಬ ಆ ತಂತ್ರಾಂಶ 2010ರ ಜೂನ್‌ನಲ್ಲಿ ಬೆಲಾರೂಸಿನ ಒಂದು ಸಣ್ಣ ಆಂಟಿವೈರಸ್ ಕಂಪನಿಯ ಕಣ್ಣಿಗೆ ಬಿತ್ತು. ನತಾಂಜ್‌ನ ಯಂತ್ರಗಳಿಗೆ ಇಂಟರ್ನೆಟ್ ಸಂಪರ್ಕವೇ ಇರಲಿಲ್ಲ. ಇದು ಪೆನ್‌ಡ್ರೈವಿನಲ್ಲಿ ಕೂತು ಒಳಗೆ ಹೋಗಿತ್ತು. ಹೋದ ಮೇಲೂ ಅವಸರ ಮಾಡಲಿಲ್ಲ. ಎದುರಿಗಿರುವುದು ಸೀಮೆನ್ಸ್ ಕಂಪನಿಯ ನಿರ್ದಿಷ್ಟ ನಿಯಂತ್ರಕವೇ, ಅದಕ್ಕೆ ಜೋಡಿಸಿದ ಮೋಟರು ಇಂತಿಷ್ಟೇ ವೇಗದಲ್ಲಿ ತಿರುಗುತ್ತಿದೆಯೇ ಎಂದು ಪರೀಕ್ಷಿಸಿತು. ಅಲ್ಲವಾದರೆ ಸುಮ್ಮನಿರುತ್ತಿತ್ತು. ಹೌದಾದರೆ ಸೆಕೆಂಡಿಗೆ 1,064 ಆವರ್ತನದಲ್ಲಿದ್ದ ವೇಗವನ್ನು 1,410ಕ್ಕೆ ಏರಿಸಿ, ಆಮೇಲೊಮ್ಮೆ 2ಕ್ಕೆ ಇಳಿಸಿ, ಮತ್ತೆ ಮೊದಲಿನಂತೆ ಮಾಡಿ ಕೊಳವೆಗಳನ್ನು ಸವೆಸುತ್ತಿತ್ತು. ನಿಯಂತ್ರಣ ಕೊಠಡಿಯ ಪರದೆಗೆ ಮಾತ್ರ ಎಲ್ಲ ಸರಿಯಿದೆ ಎನ್ನುವ ಅಂಕಿಗಳು. ಸುಮಾರು 1,000 ಸೆಂಟ್ರಿಫ್ಯೂಜುಗಳು ಹಾಳಾದವೆಂದು ಅಂದಾಜು. ಅಮೆರಿಕ ಮತ್ತು ಇಸ್ರೇಲ್ ಸೇರಿ ಮಾಡಿದ ಕಾರ್ಯಾಚರಣೆ ಇದೆಂದು 2012ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಎರಡೂ ಸರ್ಕಾರಗಳು ಇಂದಿಗೂ ಒಪ್ಪಿಕೊಂಡಿಲ್ಲ.

ನೀತಿಯ ಚರ್ಚೆ ಮಾಡುವವರಲ್ಲಿ ಸ್ಟಕ್ಸ್‌ನೆಟ್‌ಗೆ ಅಭಿಮಾನಿಗಳಿದ್ದಾರೆ. ಅವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. 1981ರ ಜೂನ್‌ನಲ್ಲಿ ಇಸ್ರೇಲ್ ಇರಾಕಿನ ಓಸಿರಾಕ್ ಅಣುಸ್ಥಾವರದ ಮೇಲೆ ವಿಮಾನದಿಂದ ಬಾಂಬು ಹಾಕಿತು. ಇರಾಕಿನ ಹತ್ತು ಸೈನಿಕರು, ಒಬ್ಬ ಫ್ರೆಂಚ್ ನಾಗರಿಕ ಸತ್ತರು. ಸ್ಟಕ್ಸ್‌ನೆಟ್‌ನಿಂದ ಸತ್ತವರೆಂದು ತಿಳಿದವರು ಯಾರೂ ಇಲ್ಲ. ಗುರಿಯನ್ನು ಇಷ್ಟು ಜಾಗ್ರತೆಯಿಂದ ಗುರುತಿಸಿದ ಅಸ್ತ್ರ ಇನ್ನೊಂದಿಲ್ಲ ಎನ್ನುವುದೂ ನಿಜ. ರಕ್ತ ಹರಿಸದೆ ಕೆಲಸ ಆಗುವುದಾದರೆ ಹರಿಸುವುದೇಕೆ?

ನನಗೆ ಒಪ್ಪಿಗೆಯಾಗದ್ದು ಮುಂದಿನ ಭಾಗ. ಯಾವ ಯುದ್ಧವೂ ಘೋಷಣೆಯಾಗಿರಲಿಲ್ಲ. ಯುದ್ಧದ ನಿಯಮಗಳು ಅನ್ವಯಿಸುತ್ತವೆಯೇ ಎಂದು ಕೇಳುವ ಸಂದರ್ಭವೇ ಬರದಂತೆ ಅದನ್ನು ಬಳಸಲಾಯಿತು. ಎರಡನೆಯದಾಗಿ, ಜಾಣ ತಂತ್ರಾಂಶ ಕೊನೆಗೂ ಬೇಲಿ ಹಾರಿತು. ಸುಮಾರು ಒಂದು ಲಕ್ಷ ಕಂಪ್ಯೂಟರುಗಳಿಗೆ ಹರಡಿತು. ಸಿಮ್ಯಾಂಟೆಕ್ ಕಂಪನಿಯ ಲೆಕ್ಕದಲ್ಲಿ ಹೆಚ್ಚು ಸೋಂಕು ತಗುಲಿದ ದೇಶಗಳು ಮೊದಲು ಇರಾನ್, ಆಮೇಲೆ ಇಂಡೊನೇಷ್ಯಾ, ಮೂರನೆಯದು ನಾವು. ಭಾರತಕ್ಕೂ ಆ ಜಗಳಕ್ಕೂ ಏನು ಸಂಬಂಧ? ಇಲ್ಲಿ ಅದು ಏನನ್ನೂ ಒಡೆಯಲಿಲ್ಲವೆನ್ನುವುದು ಬರೆದವರ ಕೈಚಳಕಕ್ಕೆ ಸಂದ ಗೌರವವೇ ಹೊರತು ನಮ್ಮ ಸುರಕ್ಷತೆಯ ಖಾತರಿಯಲ್ಲ. ಮೂರನೆಯದಾಗಿ, ಅಸ್ತ್ರದ ಪೂರ್ತಿ ನಕ್ಷೆ ಜಗತ್ತಿನ ಕೈಗೆ ಸಿಕ್ಕಿತು. 2012ರ ಆಗಸ್ಟ್‌ನಲ್ಲಿ ಸೌದಿ ಅರಾಮ್ಕೊ ತೈಲ ಕಂಪನಿಯ ಸುಮಾರು 30,000 ಕಂಪ್ಯೂಟರುಗಳು ಒಂದೇಟಿಗೆ ಖಾಲಿಯಾದವು. ಅದು ಇರಾನಿನ ಉತ್ತರ ಎಂದು ಅಮೆರಿಕದ ಅಧಿಕಾರಿಗಳು ನಂಬಿದರು.

ಯುದ್ಧಕ್ಕೂ ಧರ್ಮವಿದೆ ಎನ್ನುವ ಮಾತು ನಮಗೆ ಹೊಸದಲ್ಲ. ಕುರುಕ್ಷೇತ್ರದಲ್ಲಿ ಶಂಖ ಊದುವ ಮೊದಲೇ ಎರಡೂ ಕಡೆಯವರು ಕೂತು ನಿಯಮ ಮಾಡಿಕೊಂಡಿದ್ದರು, ಹದಿನೆಂಟು ದಿನದಲ್ಲಿ ಎಲ್ಲವನ್ನೂ ಮುರಿದರು. ಇಂದಿನ ನಿಯಮಗಳ ತಳಪಾಯ 1949ರ ಜಿನೀವಾ ಒಪ್ಪಂದಗಳು. ಹೋರಾಡುವವನಿಗೂ ಹೋರಾಡದವನಿಗೂ ವ್ಯತ್ಯಾಸ ಮಾಡು; ಸಿಗುವ ಲಾಭಕ್ಕಿಂತ ಜನಕ್ಕಾಗುವ ಹಾನಿ ಮಿತಿಮೀರಬಾರದು. 1977ರ ಹೆಚ್ಚುವರಿ ಒಪ್ಪಂದದ 56ನೇ ವಿಧಿ ಅಣೆಕಟ್ಟೆ ಮತ್ತು ಅಣುವಿದ್ಯುತ್ ಸ್ಥಾವರಗಳಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಆ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಿದ್ದರೂ ಉಳ್ಳಾರ್ತಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ವಿಧಿಯಲ್ಲಿ ಬರೆದಿರುವುದು ವಿದ್ಯುತ್ ಉತ್ಪಾದಿಸುವ ಅಣುಸ್ಥಾವರ ಎಂದು. ಸಂವರ್ಧನೆಯ ಘಟಕ ಆ ಮಾತಿನೊಳಗೆ ಬರುವುದಿಲ್ಲ.

ಅಣೆಕಟ್ಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ರೈ ಬ್ರೂಕ್ ಎಂಬಲ್ಲಿ ಹಳ್ಳಕ್ಕೆ ಕಟ್ಟಿದ ಒಂದು ಪುಟ್ಟ ಒಡ್ಡಿನ ಕಂಪ್ಯೂಟರಿಗೆ ಇರಾನಿನವನೊಬ್ಬ ನುಗ್ಗಿದ್ದನೆಂದು 2016ರಲ್ಲಿ ಅಮೆರಿಕ ಆರೋಪಪಟ್ಟಿ ಹಾಕಿತು. ಗೇಟು ಎತ್ತಲು ಅವನಿಗೆ ಆಗುತ್ತಿರಲಿಲ್ಲ, ದುರಸ್ತಿಗೆಂದು ಅದರ ಸಂಪರ್ಕವನ್ನು ಮೊದಲೇ ಬಿಡಿಸಿಟ್ಟಿದ್ದರು. 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರ ಆ ಮಟ್ಟಿಗೆ ನಿಶ್ಚಿಂತೆಯದು: ಕೋಡಿಗೆ ಗೇಟೇ ಇಲ್ಲ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನೀರು ತನ್ನಷ್ಟಕ್ಕೆ ತಾನೇ ಹರಿಯಿತು. ವಿದ್ಯುತ್ ಜಾಲದ ಕಥೆ ಹಾಗಲ್ಲ.

2015ರ ಡಿಸೆಂಬರ್ 23ರಂದು ಪಶ್ಚಿಮ ಉಕ್ರೇನಿನ ವಿದ್ಯುತ್ ಕಂಪನಿಯೊಂದರ ಆಪರೇಟರು ನೋಡುತ್ತಿದ್ದಂತೆ ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡತೊಡಗಿತು. ಒಂದಾದ ಮೇಲೊಂದು ಬ್ರೇಕರ್ ಬಿಟ್ಟವು. ಒಟ್ಟು ಮೂರು ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರು ಚಳಿಗಾಲದಲ್ಲಿ ಕತ್ತಲಲ್ಲಿ ಮುಳುಗಿದರು. ದೂರು ಹೇಳಲು ಫೋನ್ ಮಾಡಿದರೆ ಲೈನ್ ಬ್ಯುಸಿ, ಸಹಾಯವಾಣಿಗೆ ಸುಳ್ಳು ಕರೆಗಳ ಸುರಿಮಳೆ ಮಾಡಿ ಅದನ್ನೂ ಕಟ್ಟಿಹಾಕಿದ್ದರು. ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿ ಬಂತು. ಹೇಗೆಂದರೆ ಕೆಲಸಗಾರರು ವ್ಯಾನು ಹತ್ತಿ ಒಂದೊಂದೇ ಉಪಕೇಂದ್ರಕ್ಕೆ ಹೋಗಿ ಕೈಯಾರೆ ಸ್ವಿಚ್ ಹಾಕಿದರು. ಉಪಕರಣ ಹಳೆಯದಾಗಿದ್ದದ್ದೇ ಅವರನ್ನು ಕಾಯಿತು.

ಇಲ್ಲಿ ನೀತಿಯ ಸಿಕ್ಕು ಇದೆ. ಹಿರಿಯೂರಿನ ಕೇಂದ್ರವನ್ನು ಯಾರಾದರೂ ಕೆಡಿಸಿದರೆಂದು ಇಟ್ಟುಕೊಳ್ಳಿ. ಕಾವಲಿನ ರಕ್ಷಣಾ ಘಟಕಗಳ ವಿದ್ಯುತ್ ಕಡಿಯುವುದೇ ಗುರಿ ಎಂದು ಅವರು ವಾದಿಸಬಹುದು. ಕಾನೂನಿನ ಕಣ್ಣಿನಲ್ಲಿ ಆ ವಾದ ಪೂರ್ತಿ ಪೊಳ್ಳಲ್ಲ. ಆದರೆ ಡಿಆರ್‌ಡಿಒಗೆ ಜನರೇಟರ್ ಇರುತ್ತದೆ. ತಾಲ್ಲೂಕು ಆಸ್ಪತ್ರೆಯ ಜನರೇಟರಿನ ಡೀಸೆಲ್ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಬೇರೆ ಪ್ರಶ್ನೆ. ಬೋರ್‌ವೆಲ್ ನೆಚ್ಚಿಕೊಂಡ ತೋಟದವನು ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಅಲಾರಂ ಇಟ್ಟು ಏಳುತ್ತಾನೆ. ಬೇಸಿಗೆಯಲ್ಲಿ ವಾರಗಟ್ಟಲೆ ಅದು ತಪ್ಪಿದರೆ ಗಿಡ ಕೇಳುವುದಿಲ್ಲ. ಸೈನ್ಯಕ್ಕೆ ಸೊಳ್ಳೆ ಕಡಿತ, ಊರಿಗೆ ಹಾವಿನ ಕಡಿತ. ಸೈಬರ್ ದಾಳಿಯಲ್ಲಿ ಹೀಗಾಗುವುದು ಅಪವಾದವಲ್ಲ, ರೂಢಿ.

ಯಾರೂ ಸಾಯದ, ಯಾವ ಯಂತ್ರವೂ ಸುಡದ ದಾಳಿಯಾದರೆ? ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ನೇಟೊಗೆ ಹೊಂದಿಕೊಂಡ ಕೇಂದ್ರವೊಂದು ಕಾನೂನು ಪಂಡಿತರನ್ನು ಕೂಡಿಸಿ 2013ರಲ್ಲಿ, ಮತ್ತೆ 2017ರಲ್ಲಿ ಪ್ರಕಟಿಸಿದ ಟ್ಯಾಲಿನ್ ಕೈಪಿಡಿ ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಆ ಪಂಡಿತರಲ್ಲಿ ಹೆಚ್ಚಿನವರು, ಕಂಪ್ಯೂಟರಿನಲ್ಲಿರುವ ಮಾಹಿತಿ ‘ವಸ್ತು’ವಲ್ಲ, ಅದನ್ನು ಅಳಿಸಿದ ಮಾತ್ರಕ್ಕೆ ಯುದ್ಧನಿಯಮದ ಅರ್ಥದಲ್ಲಿ ದಾಳಿಯಾಗದು ಎಂದರು. ಅವರ್ಯಾರೂ ಪಹಣಿಗಾಗಿ ನಾಡಕಚೇರಿಯ ಮುಂದೆ ನಿಂತವರಲ್ಲ ಎಂದು ಕಾಣುತ್ತದೆ. ಭೂಮಿ ಯೋಜನೆ ಬಂದು ಕೈಬರಹದ ಪಹಣಿಗೆ ಬೆಲೆ ಹೋಗಿ ಎರಡು ದಶಕ ದಾಟಿತು. ಸಾಲ, ಪರಿಹಾರ, ಪಾಲುಪಟ್ಟಿ, ದಾವೆ, ಎಲ್ಲದರ ಬೇರು ಸರ್ವರಿನಲ್ಲಿದೆ. 2025ರ ಆರಂಭದಲ್ಲಿ ರಾಜ್ಯದ ಕಾವೇರಿ 2.0 ನೋಂದಣಿ ತಂತ್ರಾಂಶದ ಮೇಲೆ ಕೃತಕ ದಟ್ಟಣೆಯ ದಾಳಿ ನಡೆದು ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ಕುಂಟಿತು. ಅದು ಪೊಲೀಸ್ ಠಾಣೆಯ ಪ್ರಕರಣವಾಯಿತು, ಯುದ್ಧವೆಂದು ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ಅದಕ್ಕೆ ಸ್ವಲ್ಪ ಮೊದಲು, 2024ರ ಡಿಸೆಂಬರ್ 19ರಂದು, ಉಕ್ರೇನಿನ ನ್ಯಾಯ ಸಚಿವಾಲಯದ ದಾಖಲೆಗಳ ಮೇಲೆ ದೊಡ್ಡ ದಾಳಿಯಾಗಿ ಆಸ್ತಿ, ಜನನ, ಮರಣ, ಮದುವೆಯ ನೋಂದಣಿಗಳೆಲ್ಲ ನಿಂತುಹೋದವು. ಮನೆ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಆ ದೇಶ ರಷ್ಯಾವನ್ನು ದೂರಿತು. ಒಂದು ನಾಡಿನಲ್ಲಿ ಯಾರ ಹೊಲ ಯಾರದ್ದು ಎನ್ನುವುದನ್ನೇ ಅಳಿಸಿದರೆ ಅದು ದಾಳಿಯಲ್ಲವೆನ್ನುವ ಕಾನೂನು ತಿದ್ದುಪಡಿಗೆ ಕಾದಿದೆ ಎಂದೇ ನನ್ನ ಅಭಿಪ್ರಾಯ. ಫ್ರಾನ್ಸ್ 2019ರಲ್ಲೇ ನಾಗರಿಕರ ಇಂಥ ಮಾಹಿತಿಗೂ ರಕ್ಷಣೆ ಇರಬೇಕೆಂಬ ನಿಲುವು ತಳೆಯಿತು.

ಚಿತ್ರದುರ್ಗದವರಿಗೆ ಸೈಬರ್ ದಾಳಿ ವಿವರಿಸುವವರು ಒನಕೆ ಓಬವ್ವನ ಕಿಂಡಿಯನ್ನು ತೋರಿಸದೆ ಬಿಡುವುದಿಲ್ಲ. ನಾನೂ ತೋರಿಸುತ್ತೇನೆ, ಆದರೆ ಒಳಗಿನಿಂದ. ಕಥೆಯ ಪ್ರಕಾರ ಕಿಂಡಿಯನ್ನು ಹೈದರನ ಸೈನ್ಯ ಕೊರೆದದ್ದಲ್ಲ. ಅದು ಮೊದಲೇ ಇತ್ತು, ಅದರಲ್ಲಿ ಜನ ನುಸುಳಿ ಬಂದು ಹೋಗುತ್ತಿದ್ದರು, ಅದನ್ನು ಕಂಡೇ ಶತ್ರುವಿಗೆ ದಾರಿ ಹೊಳೆಯಿತು. ಹಾಗಾದರೆ ಕಿಂಡಿ ಇದೆಯೆಂದು ತಿಳಿದೂ ಮುಚ್ಚದೆ ಬಿಟ್ಟವರು ಯಾರು? ಇಂದಿನ ಕೋಟೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ವಿಂಡೋಸ್‌ನಲ್ಲಿದ್ದ ಒಂದು ದೋಷವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಪತ್ತೆಹಚ್ಚಿ, ಮೈಕ್ರೋಸಾಫ್ಟಿಗೆ ಹೇಳದೆ, ಬೇಹುಗಾರಿಕೆಗೆ ಬೇಕಾಗುತ್ತದೆಂದು ವರ್ಷಗಟ್ಟಲೆ ಇಟ್ಟುಕೊಂಡಿತ್ತು. ಕೊನೆಗೆ ಅದು ಕಳ್ಳತನವಾಯಿತು. 2017ರ ಏಪ್ರಿಲ್‌ನಲ್ಲಿ ಬಯಲಿಗೆ ಬಿತ್ತು. ಮೇ 12ರಂದು ಅದೇ ಕಿಂಡಿಯಿಂದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ನುಗ್ಗಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಜೂನ್ 27ರಂದು ನಾಟ್‌ಪೆಟ್ಯಾ. ಉಕ್ರೇನಿನ ಲೆಕ್ಕಪತ್ರದ ತಂತ್ರಾಂಶವೊಂದರ ಮೂಲಕ ಬಿಟ್ಟ ಆ ಪಿಡುಗು ಉಕ್ರೇನನ್ನು ದಾಟಿ ಹಡಗು ಕಂಪನಿ, ಔಷಧ ಕಂಪನಿಗಳನ್ನು ಹಿಡಿಯಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೂಡ ಸ್ಥಗಿತವಾಯಿತು. ಅಮೆರಿಕ ಸರ್ಕಾರ ಹಾನಿಯನ್ನು 1,000 ಕೋಟಿ ಡಾಲರೆಂದು ಲೆಕ್ಕ ಹಾಕಿತು. ಬಿಟ್ಟವರಿಗೂ ಅದನ್ನು ಹಿಂದಕ್ಕೆ ಕರೆಯುವ ದಾರಿ ಗೊತ್ತಿರಲಿಲ್ಲ. ಬ್ರಹ್ಮಶಿರ ಅಸ್ತ್ರವನ್ನು ಬಿಡಲು ಬಂದು ಮರಳಿಸಲು ಬಾರದ ಅಶ್ವತ್ಥಾಮನಿಗೆ ಮಹಾಭಾರತ ಕ್ಷಮೆ ಕೊಟ್ಟಿಲ್ಲ.

ಸೈಬರ್ ಯುದ್ಧದ ನೀತಿಯೆಂದರೆ ಬಟನ್ ಒತ್ತುವ ಗಳಿಗೆಯ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ತಪ್ಪಿನ ದೊಡ್ಡ ಪಾಲು ಅದಕ್ಕಿಂತ ವರ್ಷಗಳ ಮೊದಲೇ ಆಗಿರುತ್ತದೆ, ಕಿಂಡಿಯನ್ನು ಕಂಡವರು ಸುಮ್ಮನಾದ ದಿನ. ಅಂದು ಸುಮ್ಮನಿರುವುದು ದೇಶಭಕ್ತಿಯ ಕೆಲಸವೆಂದೇ ಅನಿಸಿರುತ್ತದೆ. ಎಲ್ಲ ದೇಶಗಳೂ ಒಂದೇ ವಿಂಡೋಸ್, ಒಂದೇ ಸೀಮೆನ್ಸ್ ಬಳಸುವಾಗ ಶತ್ರುವಿನ ಗೋಡೆಯ ಕಿಂಡಿ ನಮ್ಮ ಗೋಡೆಯಲ್ಲೂ ಇರುತ್ತದೆ. 2019ರಲ್ಲಿ ಮೂರೂ ಪಡೆಗಳಿಗೆ ಸೇರಿ ರಕ್ಷಣಾ ಸೈಬರ್ ಏಜೆನ್ಸಿ ಕಟ್ಟಿಕೊಂಡ ಭಾರತಕ್ಕೂ ಈ ಪ್ರಶ್ನೆ ಬಂದೇ ಬರುತ್ತದೆ.

ಓಬವ್ವನ ಇನ್ನೊಂದು ಮುಖವೂ ಇಲ್ಲಿ ಪ್ರಸ್ತುತ. ಆಕೆ ಸೈನಿಕಳಲ್ಲ, ಕಾವಲುಗಾರನ ಹೆಂಡತಿ. ಈಗಿನ ಕಾನೂನಿನಲ್ಲಿ ಆಕೆ ಒನಕೆ ಎತ್ತುವವರೆಗೆ ರಕ್ಷಿತ ನಾಗರಿಕಳು; ಎತ್ತಿದ ಮೇಲೆ, ಆ ಹೋರಾಟ ನಡೆದಷ್ಟು ಹೊತ್ತು, ಆ ರಕ್ಷಣೆ ಇಲ್ಲ. ಆಕೆಗೆ ಅದು ಗೊತ್ತಿತ್ತು, ಎದುರಿಗಿದ್ದವನೂ ಕಣ್ಣಿಗೆ ಕಾಣುತ್ತಿದ್ದ. ಇಂದಿನ ಕಥೆ ಹಾಗಲ್ಲ. ಉಕ್ರೇನ್ 2022ರಲ್ಲಿ ‘ಐಟಿ ಸೇನೆ’ ಕಟ್ಟಿ ಜಗತ್ತಿನ ಹವ್ಯಾಸಿಗಳನ್ನೆಲ್ಲ ಕರೆಯಿತು. 2025ರ ಮೇನಲ್ಲಿ ಆಪರೇಷನ್ ಸಿಂಧೂರದ ದಿನಗಳಲ್ಲಿ ಭಾರತ-ಪಾಕಿಸ್ತಾನ ಗಡಿಯ ಎರಡೂ ಕಡೆಯ ಹುಡುಗರು ಪರಸ್ಪರರ ಜಾಲತಾಣಗಳ ಮೇಲೆ ಬಿದ್ದರು. ಮೊಬೈಲಿನಲ್ಲಿ ಬಂದ ಕೊಂಡಿಯೊಂದನ್ನು ಒತ್ತಿ ದೇಶಸೇವೆ ಮಾಡಿದೆನೆಂದುಕೊಳ್ಳುವ ಡಿಪ್ಲೊಮಾ ಹುಡುಗನಿಗೆ ತಾನು ಕಾನೂನಿನ ಯಾವ ಗೆರೆ ದಾಟಿದೆ, ಬಿದ್ದ ಸರ್ವರು ಸೈನ್ಯದ್ದೋ ಹೆರಿಗೆ ಆಸ್ಪತ್ರೆಯದೋ ಎನ್ನುವುದು ಗೊತ್ತಿರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ತಜ್ಞರು ಇಂಥವರಿಗೆಂದೇ ಎಂಟು ನಿಯಮ ಬರೆದರು: ಆಸ್ಪತ್ರೆ ಮುಟ್ಟಬೇಡ, ತಾನಾಗಿ ಹರಡುವ ಅಸ್ತ್ರ ಬಿಡಬೇಡ, ಶತ್ರು ಪಾಲಿಸದಿದ್ದರೂ ನೀನು ಪಾಲಿಸು, ಹೀಗೆ. ಆ ಪಟ್ಟಿ ನಮ್ಮ ಪಾಲಿಟೆಕ್ನಿಕ್‌ಗಳ ನೋಟಿಸ್ ಬೋರ್ಡಿಗೆ ಬರಬೇಕಾದದ್ದು.

ಹೊಡೆದವರು ಯಾರೆಂದು ತಿಳಿಯದಿದ್ದರೆ ನ್ಯಾಯದ ಮಾತು ಯಾರ ಮುಂದೆ ಆಡುವುದು? 2020ರ ಅಕ್ಟೋಬರ್ 12ರಂದು ಮುಂಬಯಿ ಕತ್ತಲಾಯಿತು. 2021ರ ಫೆಬ್ರುವರಿಯಲ್ಲಿ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಕಂಪನಿ, ಚೀನಾಕ್ಕೆ ಸಂಬಂಧಿಸಿದ ಗುಂಪೊಂದು ಭಾರತದ ವಿದ್ಯುತ್ ವಲಯದೊಳಗೆ ಕೈಯಾಡಿಸಿದೆ ಎಂದಿತು. ಆ ಪಟ್ಟಿಯಲ್ಲಿ ದಕ್ಷಿಣ ವಲಯದ ಲೋಡ್ ಡಿಸ್ಪ್ಯಾಚ್ ಕೇಂದ್ರವಿತ್ತು, ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರವೂ ಇತ್ತು. ಮಹಾರಾಷ್ಟ್ರದ ಗೃಹ ಸಚಿವರು ಸೈಬರ್ ವಿಧ್ವಂಸದ ಅನುಮಾನವಿದೆ ಎಂದರೆ, ಕೇಂದ್ರದ ಇಂಧನ ಸಚಿವ ಆರ್.ಕೆ. ಸಿಂಗ್ ಮನುಷ್ಯರ ತಪ್ಪು ಎಂದರು. ಚೀನಾ ಅಲ್ಲಗಳೆಯಿತು. 2025ರ ಮೇನಲ್ಲಿ ಇದೇ ಆಟ ತಿರುಗುಮುರುಗಾಯಿತು: ಭಾರತದ ಶೇ 70ರಷ್ಟು ವಿದ್ಯುತ್ ಜಾಲ ಪಾಕಿಸ್ತಾನದ ಸೈಬರ್ ದಾಳಿಗೆ ಬಿದ್ದಿದೆ ಎಂಬ ಸುದ್ದಿ ಹಬ್ಬಿತು, ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಅದು ಸುಳ್ಳೆಂದು ಸಾರಬೇಕಾಯಿತು. ದಾಳಿಯಾದರೂ ಆಗಿಲ್ಲವೆನ್ನಬಹುದು, ಆಗದಿದ್ದರೂ ಆಯಿತೆನ್ನಬಹುದು. ಇಂಥ ಕಡೆ ಜನಕ್ಕೆ ನಿಜ ಹೇಳುವುದೂ ಯುದ್ಧನೀತಿಯ ಭಾಗವಾಗಬೇಕು.

ಈ ವಿಷಯದಲ್ಲಿ ನಮ್ಮ ದಾಖಲೆ ಚೆನ್ನಾಗಿಲ್ಲ. 2019ರ ಸೆಪ್ಟೆಂಬರ್ 4ರಂದೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್, ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಒಂದು ಕಂಪ್ಯೂಟರಿನಲ್ಲಿ ದುಷ್ಟ ತಂತ್ರಾಂಶ ಇರುವುದನ್ನು ಅಣುವಿದ್ಯುತ್ ನಿಗಮದ ಗಮನಕ್ಕೆ ತಂದಿತ್ತು. ಅಕ್ಟೋಬರ್ ಕೊನೆಯಲ್ಲಿ ಸಾಮಾಜಿಕ ಜಾಲತಾಣದಲ್ಲಿ ಗುಲ್ಲಾದಾಗ ಮೊದಲು ಬಂದ ಪ್ರಕಟಣೆ, ದಾಳಿ ಸಾಧ್ಯವೇ ಇಲ್ಲ ಎಂದಿತು. ಮರುದಿನ, ಅಕ್ಟೋಬರ್ 30ರಂದು, ನಿಗಮ ಒಪ್ಪಿಕೊಂಡಿತು. ಸ್ಥಾವರ ನಡೆಸುವ ವ್ಯವಸ್ಥೆಗೆ ಏನೂ ಆಗಿಲ್ಲವೆಂದೂ ಸೇರಿಸಿತು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊಸ ನಿರ್ದೇಶನ ಹೊರಡಿಸಿದೆ, ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು. ಘಟಕದ ಬೇಲಿಯಾಚೆ ಇರುವ ಊರುಗಳಿಗೆ ತಿಳಿಸುವ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಆ ಸಾಲನ್ನು ಸೇರಿಸಿ ಎಂದು ಕೇಳಲು ಚಿತ್ರದುರ್ಗ ಜಿಲ್ಲೆಗಿರುವಷ್ಟು ಕಾರಣ ದೇಶದ ಹೆಚ್ಚು ಜಿಲ್ಲೆಗಳಿಗಿಲ್ಲ.